ನಿನ್ನ ತಟ್ಟೆಯ ತುತ್ತು

ಚಳ್ಳಕೆರೆ
9-12-2024, ಸೋಮವಾರ

ಪ್ರೀತಿಯ ತಮ್ಮ ಮಾರುತೇಶ,

ಹೇಗಿದ್ದೀಯಪ್ಪ? ಹಿಮಕ್ಕೆ ಕಾಲ್ಬೆರಳು ಊದಿಕೊಂಡಿವೆ ಅಂದಿದ್ದೆಯಲ್ಲ, ಈಗ ಇಳಿದಿದೆಯಾ? ಕಾಲುಚೀಲ ಒದ್ದೆಯಾದರೆ ತಕ್ಷಣ ಬದಲಾಯಿಸು, ಸೋಮಾರಿತನ ಮಾಡಬೇಡ. ಹತ್ತು ಜನರಿಗೆ ಬುದ್ಧಿ ಹೇಳುವವನಾದರೂ ನಿನ್ನ ಕಾಲು ನಿನ್ನದೇ, ಅದನ್ನು ಸರ್ಕಾರ ಬಂದು ಒತ್ತುವುದಿಲ್ಲ. ನಾವೆಲ್ಲ ಚೆನ್ನಾಗಿದ್ದೇವೆ. ಅವ್ವ ಮೊಳಕಾಲ್ಮೂರಿನಲ್ಲಿ ದೊಡ್ಡಣ್ಣನ ಮನೆಯಲ್ಲೇ ಇದ್ದಾಳೆ. ಮಂಡಿ ಸೋತಿದೆ, ಬಾಯಿ ಸೋತಿಲ್ಲ, ಮೊಮ್ಮಕ್ಕಳನ್ನೆಲ್ಲ ಕೂತಲ್ಲಿಂದಲೇ ಆಳುತ್ತಾಳೆ. ಸೇನೆಯಲ್ಲಿ ನಿನಗೆ ನಾಯಕ್ ಬಡ್ತಿ ಬಂದಾಗಿನಿಂದ ನಿನ್ನ ಭಾವ ಮಂಡಕ್ಕಿ ಮಿರ್ಚಿಗೆ ಬಂದ ಗಿರಾಕಿಗಳಿಗೆಲ್ಲ ಒಂದೇ ಮಾತು ಹೇಳುತ್ತಾರೆ: "ನಮ್ಮ ಮಾರುತೇಶ ಹುಟ್ಟಿದಾಗ್ಲೇ ನಾಯಕ ಕಣ್ರೀ, ಸರ್ಕಾರಕ್ಕೆ ಈಗ ಗೊತ್ತಾಗೈತೆ." ಕೇಳಿ ಕೇಳಿ ನನಗೆ ಸಾಕಾಗಿದೆ. ಆದರೂ ಅವರು ಹೇಳುವಾಗ ಒಳಗೊಳಗೇ ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಫೋನಿನ ಕಾಲದಲ್ಲಿ ಅಕ್ಕ ಯಾಕೆ ಕಾಗದ ಬರೆದಳು ಅಂದುಕೊಳ್ಳುತ್ತೀಯ. ಹೋದ ವಾರ ನೀನು ಫೋನ್ ಮಾಡಿದಾಗಲೇ ಹೇಳಬೇಕು ಅಂದುಕೊಂಡಿದ್ದೆ. ಆದರೆ ನಿಮ್ಮ ಪಹರೆ ಪೋಸ್ಟಿನಲ್ಲಿ ಇರುವುದು ಒಂದೇ ಫೋನು, ನಿನ್ನ ಹಿಂದೆ ಹುಡುಗರು ಸಾಲಾಗಿ ನಿಂತು ನಗುವುದು ನನಗೆ ಕೇಳಿಸುತ್ತಿತ್ತು. ಆ ಸಾಲಿನಲ್ಲಿ ನಿನ್ನ ಕೈಕೆಳಗಿನ ಗೋವರ್ಧನನೂ ಇದ್ದಿದ್ದರೆ? ಅದಕ್ಕೇ ಮಳೆ ಬೆಳೆ ಅಂತ ಏನೇನೋ ಮಾತಾಡಿ ಇಟ್ಟುಬಿಟ್ಟೆ.

ವಿಷಯ ಅವನದೇ. ಅವನ ತಾಯಿ ಬೋರಕ್ಕ ನನ್ನನ್ನು ಹುಡುಕಿಕೊಂಡು ಅಂಗಡಿಗೆ ಬಂದಿದ್ದಳು. ನನ್ನಿವಾಳದ ಹತ್ತಿರದ ಹಟ್ಟಿಯಿಂದ ಬಸ್ಸು ಹಿಡಿದು, ಇದಕ್ಕಾಗಿಯೇ ಬಂದಿದ್ದಳು. ಅವಳ ಗಂಡ ಚಿತ್ತಪ್ಪ ದೇವರ ಎತ್ತುಗಳನ್ನು ಕಾಯುವ ಕಿಲಾರಿ ಅನ್ನುವುದು ನಿನಗೆ ಗೊತ್ತೇ ಇದೆ. ಕುದಾಪುರದ ಕಡೆ ಹುಲ್ಲುಗಾವಲಿಗೆ ಬೇಲಿ ಹಾಕಿದ ಮೇಲೆ ಎತ್ತುಗಳನ್ನು ಮೇವಿಗೆ ಸುತ್ತು ಹಾಕಿ ಹೊಡೆದುಕೊಂಡು ಹೋಗಬೇಕಂತೆ, ಆ ಮನುಷ್ಯನ ಮೈಯಲ್ಲಿ ಈಗ ಅಷ್ಟು ಕಸುವಿಲ್ಲ. ಮಗ ರಜೆಗೆ ಬಂದರೆ ಸಾಕು, ಹೆಗಲ ಮೇಲಿನ ಚೀಲ ಇಳಿಸುವ ಮೊದಲೇ ಎತ್ತುಗಳನ್ನು ಕೂಡುವ ರೊಪ್ಪಕ್ಕೆ ಓಡುತ್ತಿದ್ದನಂತೆ. ಮುಳ್ಳುಬೇಲಿಯ ಹೊರಗೆ ಬೂಟು ಬಿಚ್ಚಿಟ್ಟು, ಬರಿಗಾಲಲ್ಲಿ ಒಳಗೆ ಹೋಗಿ, ಒಂದೊಂದೇ ಎತ್ತಿನ ಮೈ ಸವರಿ, ಆಮೇಲೆ ಮನೆಗೆ ಬರುತ್ತಿದ್ದನಂತೆ. ಅಂಥವನು ಈ ಸಲ ಸಿಕ್ಕ ರಜೆಯನ್ನು ಬೇರೆಯವನಿಗೆ ಬಿಟ್ಟುಕೊಟ್ಟಿದ್ದಾನೆ. ಕೇಳಿದರೆ ಮುಂದೆ ನೋಡೋಣ ಅನ್ನುತ್ತಾನಂತೆ. ಎತ್ತುಗಳ ಸುದ್ದಿ ತೆಗೆದರೆ ಫೋನೇ ಇಟ್ಟುಬಿಡುತ್ತಾನಂತೆ. ಬೋರಕ್ಕ ನನ್ನ ಕೈ ಹಿಡಿದುಕೊಂಡು ಹೇಳಿದ್ದು ಇಷ್ಟು: "ನಿನ್ ತಮ್ಮ ಅಲ್ಲೇ ಅವನ ಮೇಲೆ ಅದಾನಲ್ಲವ್ವ, ಅದೊಂದೇ ನಮಗೆ ಧೈರ್ಯ. ಕೂರಿಸ್ಕೊಂಡು ಒಂದ್ಮಾತು ಕೇಳು ಅಂತ ಬರಿ. ಅವನು ಹೇಳಿದ್ರೆ ಕೇಳ್ತಾನೆ."

ಮಾರುತೇಶ, ಕಾರಣ ನನಗೆ ಆಗಲೇ ಹೊಳೆಯಿತು. ದಸರಾ ಹೊತ್ತಿನಲ್ಲಿ ನೀನು ಫೋನಿನಲ್ಲಿ ನಗುತ್ತಾ ಹೇಳಿದ್ದು ನೆನಪಾಯಿತು. ನಮ್ಮ ಕಡೆಯ ಹುಡುಗ ಒಬ್ಬ ಊಟಕ್ಕೆ ಕೋಳಿ ಬಂದರೆ ತಟ್ಟೆ ಸರಿಸಿ ಕೂರುತ್ತಿದ್ದ, ಉಳಿದವರೆಲ್ಲ ಅವನನ್ನು ಆಡಿಕೊಳ್ಳುತ್ತಿದ್ದರು, ಅವನ ಸಂಕೋಚ ನಾನೇ ಬಿಡಿಸಿದೆ ಅಂದೆ. "ನನ್ ತಟ್ಟೆಯಿಂದ್ಲೇ ಒಂದು ತುಂಡು ತೆಗೆದು ಬಾಯಿಗಿಟ್ಟೆ ಅಕ್ಕ. ನಾನೂ ನಿಮ್ಮ ಕಡೆಯವನೇ, ನಾನು ತಿಂತೀನಿ, ತಿನ್ನಲೇ ಅಂದೆ. ತಿಂದ." ಎಲ್ಲರೂ ಚಪ್ಪಾಳೆ ಹೊಡೆದರು ಅಂತಲೂ ಹೇಳಿದೆ.

ನೀನು ಕೆಟ್ಟದ್ದಕ್ಕೆ ಮಾಡಲಿಲ್ಲ, ಅದು ನನಗೆ ಗೊತ್ತು. ಹಿಮ ಬಿದ್ದು ದಾರಿ ಮುಚ್ಚಿದರೆ ಡಬ್ಬಿಯ ಮಾಂಸದೂಟವೇ ಗತಿ, ಆಗ ಇವನು ಹಸಿದು ಬಿದ್ದರೆ ಜವಾಬ್ದಾರಿ ನನ್ನದು ಅಂತ ನೀನು ಅಂದೆ. ತರಬೇತಿಯಲ್ಲಿ ನಿಮ್ಮ ಸಾಹೇಬರು, ಹುಡುಗರ ಜೊತೆ ಕೂತು ಉಣ್ಣು, ಅವರಿಗೆ ಅಣ್ಣನ ಹಾಗಿರು ಅಂದಿದ್ದರಂತೆ, ಅದನ್ನೇ ಮಾಡಿದೆ ಅಂತ ನೀನು ಅಂದುಕೊಂಡೆ. ಆದರೆ ಉಣ್ಣುವುದಕ್ಕೆ ಮೊದಲು ಅವನನ್ನು ಕೇಳು ಅಂತ ಅವರು ಹೇಳಲಿಲ್ಲವಾ? ಆ ದಿನ ಬೇಳೆ ಅನ್ನ ಇತ್ತು ಅಂತ ನೀನೇ ಹೇಳಿದೆ. ಪಂಜಾಬಿನವನೋ ಬಿಹಾರದವನೋ ಅವನ ನಾಯಕ್ ಆಗಿದ್ದರೆ, ಇದು ಇವರ ದೇವರ ವಿಚಾರ ಅಂತ ಹೆದರಿಯಾದರೂ ಬಿಟ್ಟುಬಿಡುತ್ತಿದ್ದ. ಬಿಡದಿದ್ದರೂ ಇವನು ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದ. ತಿನ್ನು ಅಂದವನು ನಮ್ಮ ಕಡೆಯವನೇ, ಅದೂ ನಮ್ಮ ಮಾತಿನಲ್ಲೇ ಅಂದ, ಮೇಲಾಗಿ ತೋಳಿನ ಮೇಲೆ ಎರಡು ಪಟ್ಟಿ ಇದ್ದವನು. ಅವನು ಎಲ್ಲಿಗೆ ಏಳಬೇಕು ಹೇಳು.

ನೀನು ಸೇನೆಗೆ ಸೇರಿದ ಹೊಸದರಲ್ಲೇ ಕೋಳಿ ತಿಂದೆ, ಊರಿಗೆ ಬಂದಾಗ ಸ್ನಾನ ಮಾಡಿ ಸುಮ್ಮನಿದ್ದೆ. ನಮ್ಮದು ಹೊಲ ಉಳುವ ಮನೆ, ನಿನಗೆ ದಕ್ಕಿತು. ಅವನದು ಕಿಲಾರಿ ಮನೆ. ನಮ್ಮ ಹಟ್ಟಿಗಳಲ್ಲಿ ಕೋಳಿ ಸಾಕುವುದಿರಲಿ, ಅದರ ಪುಕ್ಕ ಅಂಗಳಕ್ಕೆ ಹಾರಿ ಬಂದರೂ ಅಜ್ಜಿಯರು ನೀರು ಹಾಕಿ ತೊಳೆಯುತ್ತಿದ್ದದ್ದು ನೀನೂ ನೋಡಿದ್ದೀಯ. ಇದೆಲ್ಲ ಸರಿಯೋ ತಪ್ಪೋ ನನಗೂ ತಿಳಿಯದು. ನನ್ನ ಅಂಗಡಿ ಪಕ್ಕದಲ್ಲೇ ಕೋಳಿ ಅಂಗಡಿ ಇದೆ, ನಾನೇನು ಸತ್ತಿಲ್ಲ. ಆದರೆ ಆ ಹುಡುಗನ ಲೆಕ್ಕದಲ್ಲಿ ಅವನ ಕೈ ಈಗ ಎತ್ತಿನ ಮೈ ಮುಟ್ಟುವ ಕೈಯಲ್ಲ. ಅದಕ್ಕೇ ಅವನು ಊರಿಗೆ ಬರುತ್ತಿಲ್ಲ. ಅಪ್ಪನ ಎದುರು ನಿಂತು ಸುಳ್ಳು ಹೇಳಲಾರ, ನಿಜ ಹೇಳಿದರೆ ನಿನ್ನ ಹೆಸರು ಹೇಳಬೇಕು.

ನಾನು ಏನು ಮಾಡಲಿ ಹೇಳು. ಬೋರಕ್ಕನಿಗೆ ನಾನು ಇದನ್ನು ಹೇಳಲಿಲ್ಲ. ಬರೆಯುತ್ತೇನೆ ಬಿಡು ಅಂದೆ, ಟೀ ಕೊಟ್ಟೆ, ಬಸ್ಸು ಹತ್ತಿಸಿದೆ. ಇಂಥದ್ದಕ್ಕೆ ಶುದ್ಧಿ ಮಾಡುವ ದಾರಿ ಹಟ್ಟಿಯ ಹಿರಿಯರಿಗೆ ಗೊತ್ತಿದ್ದೇ ಇರುತ್ತದೆ. ಆದರೆ ನಾನು ಹೋಗಿ ಕೇಳಿದರೆ ಯಾರ ವಿಷಯ ಅಂತ ಮೊದಲು ಕೇಳುತ್ತಾರೆ. ಅವನಾಗಿಯೇ ಬಾಯಿ ಬಿಡಬೇಕು. ಅವನು ಬಾಯಿ ಬಿಡಬೇಕಾದರೆ ನೀನು ಮೊದಲು ಬಿಡಬೇಕು. ಸೇನೆಯ ರೀತಿ ರಿವಾಜು ನನಗೇನು ಗೊತ್ತು, ಮಿರ್ಚಿ ಕರಿಯುವವಳು ನಾನು. ಆದರೂ ಅಕ್ಕನಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಎಲ್ಲರ ಎದುರಿಗೆ ಅವನನ್ನು ಕರೆಯಬೇಡ. ಹಿಂದಿಯಲ್ಲಿ ಕೇಳಬೇಡ, ಹಿಂದಿಯಲ್ಲಿ ಕೇಳಿದರೆ ಎಲ್ಲ ಚೆನ್ನಾಗಿದೆ ಅಂತ ನೆಟ್ಟಗೆ ನಿಂತು ಹೇಳಿ ಹೋಗುತ್ತಾನೆ. ಪಹರೆಯಿಂದ ಬಂದು ಕೂತಿರುವಾಗ ಪಕ್ಕದಲ್ಲಿ ಕೂತುಕೋ. ಏನಾಗಿದೆ ನಿನಗೆ ಅಂತ ಶುರು ಮಾಡಬೇಡ, ಆಗಿದ್ದು ಅವನಿಗಲ್ಲ, ಮಾಡಿದ್ದು ನೀನು. ನಾನು ಕೇಳದೆ ತಿನ್ನಿಸಿದೆ, ತಪ್ಪಾಯ್ತು ಅಂತ ಹೇಳು. ಪಟ್ಟಿ ಬಂದ ಮೇಲೆ ಕೈಕೆಳಗಿನವನಿಗೆ ತಪ್ಪಾಯ್ತು ಅನ್ನಬಾರದು ಅಂತ ನಿಮ್ಮಲ್ಲಿ ಇದ್ದರೆ, ನನಗೆ ಅದು ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಅವನು ಏನೂ ಮಾತಾಡದೆ ಹೋಗಬಹುದು. ಆಗಲೂ ಎದ್ದು ಹೋಗಬೇಡ, ಇನ್ನೂ ಸ್ವಲ್ಪ ಹೊತ್ತು ಕೂತಿರು. ಆಮೇಲೆ ಸಾಹೇಬರನ್ನು ಕೇಳಿ ಅವನಿಗೆ ರಜೆ ಕೊಡಿಸು. ಆದರೆ ನೀನೂ ಅದೇ ಹೊತ್ತಿಗೆ ರಜೆ ಹಾಕಿ ಅವನ ಜೊತೆ ರೊಪ್ಪದ ತನಕ ಬಾ. ಚಿತ್ತಪ್ಪನ ಎದುರು ಅವನೊಬ್ಬನೇ ನಿಲ್ಲುವುದು ಬೇಡ.

ಇಷ್ಟು ಬರೆದೆ. ಇದು ನಿನ್ನ ಕೈ ಸೇರುವಷ್ಟರಲ್ಲಿ ದಾರಿ ಮುಚ್ಚಿರುತ್ತದೋ ಏನೋ, ಅಲ್ಲಿಯವರೆಗೆ ಆ ಹುಡುಗ ಏನು ಯೋಚನೆ ಮಾಡುತ್ತಾ ಪಹರೆ ನಿಂತಿರುತ್ತಾನೋ. ನಾನು ಇಲ್ಲಿ ಎಣ್ಣೆ ಕಾಯಿಸಿ ಹಿಟ್ಟು ಕಲಸುವುದನ್ನೇ ಮರೆತು ನಿಲ್ಲುತ್ತೇನೆ. ಭಾವ ಬೈಯುತ್ತಾರೆ, ಬೈಯಲಿ.

ಮೈ ಹುಷಾರು. ಅವ್ವ ಹೇಳಿದ್ದಾಳೆ, ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕಂತೆ. ನಿನ್ನ ಹುಡುಗರೆಲ್ಲರಿಗೂ ಈ ಅಕ್ಕನ ಹರಕೆ ಇರಲಿ, ನಿನಗೆ ಎಲ್ಲರಿಗಿಂತ ಒಂದು ಪಾಲು ಜಾಸ್ತಿ.

ನಿನ್ನ ಅಕ್ಕ
ನಾಗರತ್ನ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ಬೋರಕ್ಕ ಮತ್ತೆ ಬಂದಳು. ನಿನ್ನೆ ಮಗ ಫೋನ್ ಮಾಡಿದ್ದನಂತೆ. ಅಪ್ಪನಿಗೆ ಕೈಲಾಗದ ದಿನ ಎತ್ತುಗಳನ್ನು ಚಿಕ್ಕಪ್ಪನ ಮಗನಿಗೆ ಒಪ್ಪಿಸಿ, ನನ್ನ ದಾರಿ ಕಾಯಬೇಡಿ ಅಂದನಂತೆ. ಇದನ್ನು ಓದಿದ ಕೂಡಲೇ ಅವನ ಹತ್ತಿರ ಹೋಗು ಮಾರುತೇಶ, ನಾಳೆಗೆ ಇಡಬೇಡ. ಯಾಕೋ ಮಗನೇ ಅಂತ ಇವಳು ಅತ್ತದ್ದಕ್ಕೆ, "ಅಣ್ಣಂದೇನೂ ತಪ್ಪಿಲ್ಲವ್ವ" ಅಂದು ಫೋನ್ ಇಟ್ಟನಂತೆ. ಯಾವ ಅಣ್ಣ, ಏನು ತಪ್ಪು, ನಿನಗೇನಾದ್ರೂ ಗೊತ್ತೈತಾ ಅಂತ ಕೇಳುತ್ತಾ ಅವಳು ಇಲ್ಲೇ, ನನ್ನ ಎದುರಿನ ಬೆಂಚಿನ ಮೇಲೆ ಕೂತಿದ್ದಾಳೆ.