ಕೂಗಿಗೆ ಬಿದ್ದ ಚಪ್ಪಾಳೆ

ನಮ್ಮೂರು ಚೇಕಾಡಿಯ ಆನೆಗಳ ಪರಮಶತ್ರುವೂ ಈಗ ಸ್ವರ್ಗಸ್ಥರೂ ಆದ ಅಪ್ಪನವರ ಪಾದಗಳಿಗೆ ಏಕಮಾತ್ರ ಪುತ್ರನ ವಿಜ್ಞಾಪನೆ.

ಒಂದೇ ಸೆಮಿಸ್ಟರಿಗೆ ನನ್ನ ಕಾಲೇಜು ಹೇಸಿಗೆ ಹುಟ್ಟಿಸಿತಪ್ಪಾ. ಮೇಷ್ಟ್ರು ಗೈಡ್ ನೋಡಿ ಓದುತ್ತಿದ್ದರು, ನಾವು ಭಕ್ತಿಯಿಂದ ಆಕಳಿಸುತ್ತಿದ್ದೆವು. ಅದಕ್ಕೇ ಸುಲಭವಾಗಿ ಯಾರನ್ನೂ ಸೇರಿಸಿಕೊಳ್ಳದ ಒಂದು ದೊಡ್ಡ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ. ಇವತ್ತು ಸಂದರ್ಶನವಿತ್ತು.

ಓದಿನ ಬಗ್ಗೆ ಕೇಳಿದ್ದು ಸ್ವಲ್ಪವೇ. ಆಮೇಲೆ ಅಲ್ಲಿದ್ದ ಮೇಡಂ ನನ್ನ ಅರ್ಜಿ ನೋಡಿ, "ನೀವು ಗದ್ದೆ ಕಾಯ್ತೀರಂತಲ್ಲ? ಆನೆ ಬಂದ್ರೆ ಹೇಗೆ ಕೂಗ್ತೀರಿ? ಮಾಡಿ ತೋರಿಸಿ" ಅಂದರು.

ನಾನು ತಮಾಷೆಗಾರನಲ್ಲವೇ? ಎದ್ದು ನಿಂತು, ಎದೆ ಉಬ್ಬಿಸಿ, ಗದ್ದೆಯ ಅಟ್ಟಣೆಯ ಮೇಲಿಂದ ನೀನು ಕೂಗುತ್ತಿದ್ದ ಹಾಗೆಯೇ "ಹೋಓಓಯ್" ಎಂದೆ. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. "ಸೀಟು ನಿಮ್ಮದೇ" ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ, ನಿನ್ನ ಕೂಗನ್ನು ಆಟ ಮಾಡಿ ತೋರಿಸಿದ ನನ್ನ ಬಾಯಿಯ ಮೇಲೆ ನನಗೇ ಅಸಹ್ಯ.

ಸಂಜೆ ನಿನ್ನ ಅಟ್ಟಣೆ ಹತ್ತಿದೆ. ಪಕ್ಕದ ಅಟ್ಟಣೆಯಿಂದ ಕರಿಯಣ್ಣ ಕೂಗಿದ. ಕೇಳಿಸಿಕೊಂಡವನು ತಿರುಗಿ ಕೂಗಲೇಬೇಕು, ಇಲ್ಲದಿದ್ದರೆ ಅವನಿಗೇನೋ ಆಯಿತೆಂದು ಅರ್ಥ ಎಂದು ನೀನೇ ಕಲಿಸಿದ್ದೆಯಲ್ಲ. ಬಾಯಿ ತೆರೆದೆ. ಸ್ವರವೇ ಹೊರಡಲಿಲ್ಲ.

ಕರಿಯಣ್ಣ ಟಾರ್ಚ್ ಹಿಡಿದು, ಕೆಸರಿನಲ್ಲಿ ಬಿದ್ದು ಎದ್ದು ಓಡಿ ಬಂದ.

"ಎಂತಾಯ್ತು ಮೋನೇ, ಮಗಾ? ಆನೆ ಬಂತಾ? ಯಾಕೆ ಕೂಗ್ಲಿಲ್ಲ?"

"ಸೀಟು ಸಿಕ್ತು ಕರಿಯಣ್ಣ."

"ಅಯ್ಯೋ ಕಳ್ಳ! ಒಳ್ಳೇದಾಯ್ತು, ಹೋಗು" ಎಂದು ನಕ್ಕ. ಆಮೇಲೆ ಮೆಲ್ಲಗೆ, "ಇನ್ಮೇಲೆ ನಂಗ್ಯಾರು ತಿರುಗಿ ಕೂಗೋದು?" ಎಂದ.