ಬೇರೆ ದನಿಗೆ ಏಳದ ಐವರು

ನೀಲ್ಸ್‌ಬರ್ಗ್, ವಿಸ್ಕಾನ್ಸಿನ್
ನವೆಂಬರ್ ೧೪, ಗುರುವಾರ

ಪ್ರೀತಿಯ ಸ್ಟಾಶ್,

ನೀನೂ ಹೆಲೆನ್ನೂ ಚೆನ್ನಾಗಿದ್ದೀರಿ, ನಿನ್ನ ಮಂಡಿ ಈಗಲೂ ಮಳೆ ಬರುವುದನ್ನು ರೇಡಿಯೋಗಿಂತ ಮೊದಲೇ ಹೇಳುತ್ತಿದೆ ಎಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ಬೇಸಿಗೆಯೇ ಕಳೆದುಹೋಯಿತು. ಉತ್ತರ ಬರೆಯದ ನನ್ನನ್ನು ನಿಮ್ಮಜ್ಜಿಯ ಪೋಲಿಷ್‌ನಲ್ಲಿ ಬೈದಿರುತ್ತೀಯ. ಅಷ್ಟನ್ನೂ ತಲೆಬಾಗಿ ಒಪ್ಪಿಕೊಂಡಿದ್ದೇನೆ. ನೀನು ಕಳಿಸಿದ ಚೀಸ್ ಮಾತ್ರ ಪತ್ರ ಓದಿ ಮುಗಿಸುವ ಮೊದಲೇ ಮುಗಿದಿತ್ತು.

ತಡವಾಗಲು ಕಾರಣ ಇದೆ. ಇಲ್ಲಿ ಬದುಕಿರುವವನ ತಿಥಿ ನಡೆಯುತ್ತಿದೆ. ತಿಥಿ ನನ್ನದೇ.

ಶುರುವಾದದ್ದು ಏಪ್ರಿಲ್‌ನಲ್ಲಿ. ಎಲ್ಲ ಫುಟ್‌ಬಾಲ್ ತಂಡಗಳೂ ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಸಂಜೆ. ನಾನೆಸೆಯುವ ಚೆಂಡು ಹಿಡಿಯಲು ಒಬ್ಬ ಒಳ್ಳೆಯ ಓಟಗಾರನನ್ನು ತರುತ್ತಾರೆ ಎಂದು ನಂಬಿ, ಹಿತ್ತಲಲ್ಲಿ ಸಾಸೇಜ್ ಸುಡಲಿಟ್ಟು ಟಿವಿ ಮುಂದೆ ಕುಳಿತಿದ್ದೆ. ನಮ್ಮವರು ಆರಿಸಿದ್ದು ಕ್ವಾರ್ಟರ್‌ಬ್ಯಾಕನ್ನು! ಅಂದರೆ ಚೆಂಡು ಎಸೆಯುವವನನ್ನು. ಅಂದರೆ ನನ್ನನ್ನೇ, ಇಪ್ಪತ್ತೆರಡು ವರ್ಷದ ನನ್ನನ್ನು. ಸಾಸೇಜ್ ಇದ್ದಿಲಾಯಿತು.

ಮಾರನೆಯ ಬೆಳಿಗ್ಗೆ ಬಾಗಿಲಲ್ಲಿ ಕೋಚ್ ಪೆಟ್ರಿಲ್ಲೊ, ಕೈಯಲ್ಲಿ ಸೇಬಿನ ಪೈ. ನಮ್ಮ ಕಡೆ ಕರೆಯದೆ ಯಾರಾದರೂ ಪೈ ಹಿಡಿದು ಬಂದರೆ ಆ ಮನೆಯಲ್ಲಿ ಸಾವಾಗಿರಬೇಕು ತಾನೆ? ಡಾರ್ಲಾ ಬಾಗಿಲು ತೆಗೆದವಳೇ ಕೇಳಿದಳು, "ಯಾರು ಹೋಗಿದ್ದು ಕೋಚ್?"

"ಯಾರೂ ಹೋಗಿಲ್ಲಮ್ಮಾ. ಸುಮ್ನೆ ಭವಿಷ್ಯದ ಬಗ್ಗೆ ಮಾತಾಡೋಣಾಂತ ಬಂದೆ."

"ಯಾರ ಭವಿಷ್ಯ?"

"ತಂಡದ್ದು."

"ಹಂಗಾದ್ರೆ ಪೈ ತಂಡಕ್ಕೇ ತಿನ್ಸಿ. ನನ್ನ ಗಂಡನಿಗೆ ನಲವತ್ತೊಂದೇ ವರ್ಷ, ಇನ್ನೂ ಬಾಯಿಗೆ ನೀರು ಬಿಡೋ ಕಾಲ ಬಂದಿಲ್ಲ."

ಹಾಗಂದರೂ ಪೈ ಇಸಿದುಕೊಂಡಳು.

ಅಂದಿನಿಂದ ಊರಿಗೆ ಊರೇ ನನ್ನೆದುರು ವಯಸ್ಸಿನ ಮಾತೆತ್ತುವುದನ್ನು ಬಿಟ್ಟಿದೆ. ಕ್ಷೌರದಂಗಡಿಯ ಹಾಲ್ವರ್ ನನ್ನ ನರೆಗೂದಲು ನೋಡಿ "ಬಿಸಿಲಿಗೆ ಬಣ್ಣ ಹೋಗಿದೆ" ಅನ್ನುತ್ತಾನೆ. ಪಾದ್ರಿಗಳು ಭಾನುವಾರದ ಪ್ರಾರ್ಥನೆಯಲ್ಲಿ "ರೋಗಿಗಳು, ದೂರ ಪ್ರಯಾಣ ಹೊರಟವರು, ಮತ್ತು ನಮ್ಮ ಲೈಲ್" ಎಂದು ಸೇರಿಸಿದ್ದಾರೆ.

ಹುಡುಗನ ಹೆಸರು ಕೆಂಡ್ರಿಕ್ ಥಿಬಡೋ, ಲೂಯಿಸಿಯಾನದವನು. ದ್ವೇಷಿಸೋಣವೆಂದರೆ ಅದಕ್ಕೂ ಎಡೆ ಕೊಡದ ಮರ್ಯಾದಸ್ಥ. ಮೊದಲ ದಿನವೇ ಕೈಕಟ್ಟಿ ನಿಂತು, "ಸರ್, ನಾನು ಒಂದನೇ ಕ್ಲಾಸಲ್ಲಿದ್ದಾಗ ನನ್ನ ಊಟದ ಡಬ್ಬಿ ಮೇಲೆ ನಿಮ್ಮ ಫೋಟೋ ಇತ್ತು" ಎಂದ. ಒದೆಯಬೇಕೋ ಮುದ್ದಿಸಬೇಕೋ ತಿಳಿಯಲಿಲ್ಲ.

ಅವನಿಗೆ ಎಲ್ಲ ಕಲಿಸು ಎಂದರು, ಕಲಿಸಿದೆ. ಅಭ್ಯಾಸಕ್ಕೆ ನಿಂತಾಗ ನೋಡು ತಮಾಷೆ. ನೀನು ಬಗ್ಗಿ ಕಾಲಸಂದಿಯಿಂದ ನನ್ನ ಕೈಗೆ ಚೆಂಡು ಕೊಡುತ್ತಿದ್ದ ಜಾಗದಲ್ಲಿ ಈಗ ಡೂಲಿ ಇದ್ದಾನಲ್ಲ, ಅವನೂ ಅಕ್ಕಪಕ್ಕದ ನಾಲ್ವರೂ ಇಷ್ಟು ವರ್ಷ ನನ್ನ "ಹಟ್!" ಕೂಗಿಗೇ ಮುನ್ನುಗ್ಗಿದವರು. ಕೆಂಡ್ರಿಕ್ ಚರ್ಚಿನಲ್ಲಿ ಹಾಡಿ ಬೆಳೆದವನು. ಅದೇ ಇಂಪಾದ ದನಿಯಲ್ಲಿ "ಹಟ್" ಎಂದ. ಐದು ಬೆಟ್ಟಗಳಲ್ಲಿ ಒಂದೂ ಅಲುಗಲಿಲ್ಲ. ಬೇರೆ ಕೈ ತಾಗಿದರೆ ಹಾಲು ಬಿಡದ ಹಸುಗಳ ಹಾಗೆ ಬಗ್ಗಿಕೊಂಡೇ ಇದ್ದರು.

"ಏನ್ರೋ, ಕಿವಿಗೆ ಬೆಣ್ಣೆ ಮೆತ್ಕೊಂಡಿದೀರಾ?" ಕೋಚ್ ಕಿರುಚಿದರು.

"ಕೇಳಿಸ್ತು ಕೋಚ್," ಡೂಲಿ ಅಂದ, "ಆದ್ರೆ ಯಾರೋ ಕಾಫಿ ಬೇಕಾ ಅಂತ ಕೇಳ್ದಂಗಿತ್ತು."

ಒಳಗೊಳಗೇ ನನಗೆ ಹಬ್ಬ. ಕೋಚ್ ನನ್ನತ್ತ ತಿರುಗಿ, "ಲೈಲ್, ಇವನಿಗೆ ನಿನ್ನ ಗಂಟಲೂ ಕೊಟ್ಬಿಡಪ್ಪಾ" ಎಂದರು.

ಹೀಗಾಗಿ ಹುಡುಗ ದಿನಾ ಸಂಜೆ ನಮ್ಮ ಹಿತ್ತಲಲ್ಲಿ ನಿಂತು ನನ್ನ ಹಾಗೆ ಗದರುವುದನ್ನು ಕಲಿತ. ಎಷ್ಟು ಚೆನ್ನಾಗಿ ಕಲಿತನೆಂದರೆ, ಒಂದು ದಿನ ತಮಾಷೆಗೆ "ಡಾರ್ಲಾ, ಕಾಫಿ!" ಎಂದು ಕೂಗಿದ್ದಕ್ಕೆ ಅವಳು ಅಡುಗೆಮನೆಯಿಂದಲೇ, "ನಿಂಗೇನು ಕಾಲು ಬಿದ್ದೋಗಿದ್ಯಾ? ಬಂದು ಬಗ್ಗಿಸ್ಕೊ, ಮುದಿಯಾ!" ಅಂದಳು. ಹುಡುಗ ಬೇಲಿ ಹಾರಿ ಓಡಿದ. ಊರಲ್ಲಿ ನನ್ನನ್ನು ಇನ್ನೂ ಮುದಿಯಾ ಎನ್ನುವವಳು ಡಾರ್ಲಾ ಒಬ್ಬಳೇ.

ಕಳೆದ ಭಾನುವಾರ ಪಂದ್ಯದ ಕೊನೆಗಳಿಗೆಯಲ್ಲಿ ನನ್ನ ಭುಜ ಕೈಕೊಟ್ಟಿತು, ಕೋಚ್ ಹುಡುಗನನ್ನು ಮೈದಾನಕ್ಕೆ ಕಳಿಸಿದರು. ನಾನು ಗೆರೆಯಾಚೆ. ಗೆಲ್ಲಲು ಇನ್ನೆರಡು ಗಜ ನುಗ್ಗಬೇಕು. ನಮ್ಮ ಕೈಯಲ್ಲಿ ಚೆಂಡಿದ್ದಾಗ, ಆಟಗಾರರಿಗೆ ಕೂಗು ಕೇಳಲಿ ಎಂದು ನಮ್ಮ ಜನ ಉಸಿರು ಬಿಗಿಹಿಡಿಯುವುದು ನಿನಗೆ ಗೊತ್ತು. ಇಡೀ ಕ್ರೀಡಾಂಗಣ ಪ್ರಾರ್ಥನೆಗೆ ಕೂತ ಹಾಗಿತ್ತು. ಕೆಂಡ್ರಿಕ್ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮತ್ತೆ ಎಡಕ್ಕೆ. ಇನ್ನೂ ನೋಡುತ್ತಲೇ ಇದ್ದಾನೆ! ನನ್ನ ಬಾಯಿ ನನ್ನನ್ನು ಒಂದು ಮಾತೂ ಕೇಳದೆ "ಹಟ್!" ಎಂದುಬಿಟ್ಟಿತು.

ಐವರೂ ಎದ್ದು ನುಗ್ಗಿದರು. ಡೂಲಿ ಚೆಂಡು ಕೊಡುವುದನ್ನೇ ಮರೆತ. ಕೆಂಡ್ರಿಕ್, ಬಸ್ಸು ತಪ್ಪಿದವನಂತೆ ಬರಿಗೈಯಲ್ಲಿ ನಿಂತಿದ್ದ. ತೀರ್ಪುಗಾರರ ಹಳದಿ ಬಟ್ಟೆ ಬಿತ್ತು, ಚೆಂಡು ಅಲುಗುವ ಮೊದಲೇ ನುಗ್ಗಿದ್ದಕ್ಕೆ ಐದು ಗಜ ಹಿಂದಕ್ಕೆ ಶಿಕ್ಷೆ. ಇಡೀ ಜನ ನನ್ನ ಕಡೆ ತಿರುಗಿತು. ಮೇಲಿನ ಸಾಲಿನಿಂದ ಯಾರೋ ಮುದುಕಿ, "ಲೈಲ್, ಬಾಯಿಗೆ ಏನಾದ್ರೂ ಹಾಕ್ಕೊಂಡು ಸುಮ್ನಿರಪ್ಪಾ!" ಎಂದಳು. ನಕ್ಕರು ನೋಡು, ಎದುರಾಳಿಗಳೂ ನಕ್ಕರು.

ನನಗೆ ನಗು ಬರಲಿಲ್ಲ. ಈ ಪಂದ್ಯ ಸೋತರೆ ಅದು ಹುಡುಗನ ಹಣೆಗೆ ಅಂಟುತ್ತಿತ್ತು. ಅವನು ಐವರನ್ನೂ ಗುಂಪುಗೂಡಿಸಿ ಏನೋ ಹೇಳಿದ. ಆಮೇಲೆ ನನ್ನ ದನಿ ಬಿಟ್ಟು, ತನ್ನದೇ ಹಾಡುದನಿಯಲ್ಲಿ ಕೂಗಿದ. ಐವರೂ ಎದ್ದರು, ಗೋಡೆಯ ಹಾಗೆ. ಚೆಂಡು ಅವರ ತಲೆಯ ಮೇಲಿಂದ ಹಾರಿ ಸೇರಬೇಕಾದ ಕೈ ಸೇರಿತು. ಗೆದ್ದೆವು.

"ಏನಂದ್ನೋ ನಿಮಗೆ?" ಎಂದು ಡೂಲಿಯನ್ನು ಕೇಳಿದೆ.

"'ಕಾಫಿ ಬೇಕಾ ಅಂತಾನೇ ಕೇಳ್ತೀನಿ. ಆದ್ರೆ ಈ ಸಲ ಏಳ್ದೇ ಇದ್ರೆ ಬಿಸಿಬಿಸಿಯಾಗಿ ತಲೆ ಮೇಲೆ ಹುಯ್ತೀನಿ' ಅಂದ ಕಣಯ್ಯಾ. ಒಳ್ಳೇ ಹುಡುಗ."

ಸೋಮವಾರ ನಾನೇ ಕೋಚ್ ಕೋಣೆಗೆ ಹೋಗಿ, ಇನ್ನು ಮುಂದೆ ಅವನೇ ಆಡಲಿ, ನಾನು ಗೆರೆಯಾಚೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ನಿಲ್ಲುತ್ತೇನೆ, ಈ ವರ್ಷದೊಂದಿಗೆ ನನ್ನ ಆಟವೇ ಮುಗಿಯಿತು ಎಂದು ಹೇಳಿ ಬಂದೆ. ಈಗ ಮನಸ್ಸು ಹಗುರ. ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟಕ್ಕೆ ನೀವಿಬ್ಬರೂ ಬರಲೇಬೇಕು; ಕೆಂಡ್ರಿಕ್‌ನ ತಾಯಿ ಸೀಗಡಿ ಸಾರು ಮಾಡಲು ಬರುತ್ತಿದ್ದಾರೆ, ಡಾರ್ಲಾ ಈಗಾಗಲೇ ಪೈಪೋಟಿಗೆ ಇಳಿದಿದ್ದಾಳೆ. ನಿಮ್ಮ ದನಕರು, ಮಕ್ಕಳುಮರಿ ಎಲ್ಲವನ್ನೂ ದೇವರು ತಣ್ಣಗಿಟ್ಟಿರಲಿ.

ನಿನ್ನ ಬೆನ್ನ ಹಿಂದೆಯೇ ನಿಂತು ಆಯಸ್ಸು ಕಳೆದ,
ಲೈಲ್

ಮತ್ತೆ: ಕೋಚ್‌ಗೆ ಹೇಳಿ ಬಂದೆ ಎಂದೆನಲ್ಲ, ನಾನು ವಾಕ್ಯ ಮುಗಿಸುವ ಮೊದಲೇ ಅವರು "ಥ್ಯಾಂಕ್ಸ್ ಕಣಪ್ಪಾ" ಅಂದುಬಿಟ್ಟರು. ಬಾಗಿಲ ಬಳಿ ಬಗ್ಗಿ ಬೂಟಿನ ದಾರ ಬಿಚ್ಚಿದೆ, ನಿಧಾನವಾಗಿ ಮತ್ತೆ ಕಟ್ಟಿದೆ. ಹಿಂದಿನಿಂದ ಕರೆಯಲಿಲ್ಲ. ಡಾರ್ಲಾ "ಸದ್ಯ" ಎಂದಳು. ಡೂಲಿ ಕೈಕುಲುಕಿದ. ಒಬ್ಬರಾದರೂ ಬೇಡ ಎನ್ನಲಿಲ್ಲ, ಸ್ಟಾಶ್. ನಾನು ಮನಸ್ಸು ಬದಲಿಸುವುದಿಲ್ಲ, ಆಣೆ. ಆದರೂ ಉತ್ತರ ಬರೆಯುವಾಗ ಎಲ್ಲಾದರೂ ಒಂದು ಮೂಲೆಯಲ್ಲಿ, "ಬೇಡ ಕಣೋ, ಇನ್ನೊಂದು ವರ್ಷ ಆಡು" ಎಂದು ಬರಿ. ಓದಿ ಹರಿದುಹಾಕುತ್ತೇನೆ.