ಬಚ್ಚಲ ಇರುವೆ

ಭಾಗ್ಯ,

ಎದ್ದ ಕೂಡ್ಲೆ ಟೀ ಕುಡೀಬೇಡ. ಹಸಿದ ಹೊಟ್ಟೇಲೇ ತಾಳ್ಯದ ಆಸ್ಪತ್ರೆಗೆ ಬಾ, ರಕ್ತ ಪರೀಕ್ಷೆ ಮಾಡಿಸಾಣ. ಚೀಟಿ ಮಾಡ್ಸಾಕೆ ನಾನು ಮೊದ್ಲೇ ಹೋಗಿರ್ತೀನಿ. ಬಸವೇಶನ್ನ ಎಬ್ಬಿಸಿ ಬೈಕ್ ತೆಗಿ ಅನ್ನು, ಗಂಡ ಅಂತ ಇರೋದು ಇದಕ್ಕೇ.

ಬಸುರಿಯಾಗಿದ್ದಾಗ ಬಂದ ಶುಗರ್ ಹೆರಿಗೆ ಜೊತೆಗೇ ಹೋಯ್ತು ಅಂದೋಳು ನಿಮ್ಮತ್ತೆ ನಾನೇ. ಆರು ವಾರಕ್ಕೆ ಮತ್ತೆ ಬರ್ರಿ ಅಂದ ನರ್ಸಮ್ಮನ ಮಾತು ಬಿಟ್ಟು, ಬಾಣಂತಿ ಅಂತ ದಿನಾ ಬೆಲ್ಲದ ಅಂಟಿನುಂಡೆ ತಿನ್ನಿಸಿದೆ. ಪಾಪುಗೆ ಈಗ ಎರಡು ವರ್ಷ. ಬಾಯಾರಿಕೆ, ಸುಸ್ತು ಅಂತ ನೀನು ಕುಂತ್ರೆ ಸೋಮಾರಿ ಅಂತ ಬೈದೆ.

ಬೆಲ್ಲದ ಡಬ್ಬಿ ಬೀರುವಿನಲ್ಲಿಟ್ಟು ಬೀಗ ಹಾಕೀನಿ, ಹುಡುಕಬೇಡ.

ನೀನು ಒಂದಕ್ಕೆ ಕೂರೋ ಜಾಗದಾಗೆ ಇರುವೆ ಮುತ್ತಿದ್ವು. ಎರಡು ಕೊಡ ನೀರು ಹುಯ್ದು ಬಂದು ಇದನ್ನ ಬರೀತಿದ್ದೀನಿ. ಆಗ್ಲೇ ಮತ್ತೆ ಸಾಲು ಹಿಡಿದವೆ.